ಪೀಣ್ಯದ ಪ್ಲೇಟಿಂಗ್ ನೀರಲ್ಲಿ ಸೈನೈಡ್‌ಗೆ ಪಾಲಿಸಲ್ಫೈಡ್: ನನ್ನ ಅನುಭವ

ಪ್ಲೇಟಿಂಗ್ ಮಾಡಿ ತೊಳೆದ ನೀರಲ್ಲಿರೋ ಸೈನೈಡ್ ವಿಷಾನ ಪಾಲಿಸಲ್ಫೈಡ್ (ಹೆಚ್ಚಿಗೆ ಗಂಧಕ ಹಿಡ್ಕೊಂಡಿರೋ ಸಲ್ಫೈಡ್) ಹಾಕಿ, ಗಂಧಕ ಸೇರಿಸಿ, ಅಷ್ಟು ವಿಷ ಇಲ್ಲದ ಥಯೋಸಯನೇಟ್ ಮಾಡಿ ತೆಗೀತೀನಿ ಅಂದಾಗ ನಮ್ ಯಜಮಾನ್ರೇ ಒಪ್ಪಿರ್ಲಿಲ್ಲ. ಪಕ್ಕದ ಶೆಡ್‌ನವ್ರು "ಸುಮ್ನೆ ಹೈಪೋಕ್ಲೋರೈಟ್ (ಬ್ಲೀಚ್) ಸುರೀರಿ ಸಾರ್, ಗಂಧಕದ ವಾಸನೆ ಯಾರಿಗ್ ಬೇಕು" ಅಂತಿದ್ರು. ಈಗ ಲ್ಯಾಬ್ ರಿಪೋರ್ಟಲ್ಲಿ ಸೈನೈಡ್ ಲೀಟರಿಗೆ 0.2 ಮಿಲಿಗ್ರಾಂ ಒಳಗೇ ಬರ್ತಿದೆ, ಅವರೇ ಬಂದು ಕೇಳ್ಕೊಂಡ್ ಹೋಗ್ತಿದಾರೆ.

ನಮ್ದು ಜಿಂಕ್ ಸೈನೈಡ್ ಬ್ಯಾರಲ್ ಲೈನ್ (ಸಣ್ಣ ಸಾಮಾನು ಪೀಪಾಯಿಲಿ ಉರುಳಿಸಿ ಸತು ಲೇಪಿಸೋದು), ರಿನ್ಸ್ ನೀರಲ್ಲಿ ಲೀಟರಿಗೆ ಹೆಚ್ಚುಕಮ್ಮಿ 100 ಮಿಲಿಗ್ರಾಂ ಸೈನೈಡ್ ಇರತ್ತೆ. ಮೊದ್ಲು ಯಜಮಾನ್ರು ಒಬ್ಬ ಕನ್ಸಲ್ಟೆಂಟ್ ಮಾತು ಕೇಳಿ ಥಯೋಸಲ್ಫೇಟ್ (ಇದೂ ಗಂಧಕ ಇರೋ ಉಪ್ಪೇ) ಮೂಟೆಗಟ್ಲೆ ತರಿಸಿದ್ರು, ಸೈನೈಡ್ ವಿಷಕ್ಕೆ ಆಸ್ಪತ್ರೇಲಿ ಅದನ್ನೇ ಕೊಡ್ತಾರಲ್ಲ ಅಂತ. ಆದ್ರೆ ದೇಹದಲ್ಲಿ ಅದರ ಗಂಧಕಾನ ಸೈನೈಡ್‌ಗೆ ದಾಟಿಸೋಕೆ ರೋಡನೇಸ್ ಕಿಣ್ವ ಇದೆ, ಟ್ಯಾಂಕಲ್ಲಿ ಇಲ್ಲ. ವಾರ ಬಿಟ್ರೂ ರೀಡಿಂಗ್ ಅಲ್ಲಾಡ್ಲಿಲ್ಲ. ಹದಿನೈದು ಸಾವಿರದ ಹತ್ರ ದುಡ್ಡು, ಹೊಳೇಲಿ ಹುಣಸೆಹಣ್ಣು ಕಿವುಚಿದಂಗಾಯ್ತು.

ಪಾಲಿಸಲ್ಫೈಡ್ ವೇಗ ಇದರ ಸಾವಿರ ಪಟ್ಟಿನ ಆಸುಪಾಸು. ಸೋಡಿಯಂ ಸಲ್ಫೈಡ್ ಫ್ಲೇಕ್ಸ್ ಬಿಸಿನೀರಲ್ಲಿ ಕರಗಿಸಿ ಗಂಧಕದ ಪುಡಿ ಹಾಕಿ ಕಲಸ್ತಾ ಇದ್ರೆ ಹಳದಿ ಹೋಗಿ ಕಿತ್ತಳೆ, ಆಮೇಲೆ ಗಾಢ ಕೆಂಪು ಬರತ್ತೆ. ಆ ಕೆಂಪು ಬಂದ ಕೂಡ್ಲೇ ಮುಚ್ಚಳ ಹಾಕ್ಬೇಕು, ಗಾಳಿ ಆಡಿದ್ರೆ ಅದೂ ಥಯೋಸಲ್ಫೇಟ್ ಆಗೋಗತ್ತೆ, ಪಟ್ಟ ಕಷ್ಟ ವೇಸ್ಟು. ಗಂಧಕ ಎಷ್ಟು ಹಾಕ್ತೀನಿ, ಯಾವಾಗ ಹಾಕ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.

ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 10.5ರ ಕೆಳಗೆ ಇಳಿಯೋಕೆ ಬಿಡ್ಲೇಬಾರ್ದು. 9.2ರ ಹತ್ರ ಬಂದ್ರೆ ಅರ್ಧ ಸೈನೈಡ್ ವಿಷಗಾಳಿಯಾಗಿ ಏಳೋ ಹೈಡ್ರೋಜನ್ ಸೈನೈಡ್ ಆಗಿರತ್ತೆ, ಇನ್ನೂ ಇಳಿದ್ರೆ ಹೈಡ್ರೋಜನ್ ಸಲ್ಫೈಡೂ ಜೊತೆಗೆ ಏಳತ್ತೆ. ಹುಡುಗರ ಜೀವದ ವಿಷ್ಯ, ಆಸಿಡ್ ಲೈನಿನ ಪೈಪೇ ಆ ಕಡೆ ಬರದ ಹಾಗೆ ಬೇರೆ ಮಾಡಿಸ್ದೆ.

ಮಾರ್ಚಲ್ಲಿ ರಾತ್ರಿ ಬಿಟ್ಟಿದ್ದು ಬೆಳಗ್ಗೆ ಮುಗೀತಿತ್ತು, ಡಿಸೆಂಬರ್ ಚಳೀಲಿ ಮಧ್ಯಾಹ್ನ ಆದ್ರೂ ಮುಗೀತಿರ್ಲಿಲ್ಲ. ಡಿಗ್ರೀಸಿಂಗ್ (ಜಿಡ್ಡು ತೆಗೆಯೋ) ಟ್ಯಾಂಕಿಂದ ಬಿಸಿ ಮಾಡೋ ಕಾಯಿಲ್ ಎಳೆದು 50 ಡಿಗ್ರಿಗೆ ತಂದೆ, ಮೂರು ಗಂಟೆ ಚಿಲ್ರೆಗೆ ಇಳೀತು. ಹೈಪೋಕ್ಲೋರೈಟ್‌ಗೆ ತಿಂಗಳಿಗೆ ಇಪ್ಪತ್ತು ಸಾವಿರ ಹೋಗ್ತಿದ್ದಲ್ಲಿ ಈಗ ಎಂಟೋ ಒಂಬತ್ತೋ.

ಮಧ್ಯೆ ಇನ್ನೊಂದು ನೋಡ್ದೆ, ತುಕ್ಕು ಹಿಡಿದ ಕಬ್ಬಿಣದ ಟ್ಯಾಂಕಲ್ಲಿ ನಿಂತ ನೀರಿಗೆ ಎಷ್ಟು ಪಾಲಿಸಲ್ಫೈಡ್ ಸುರಿದ್ರೂ ಒಂದಿಷ್ಟು ಸೈನೈಡ್ ಉಳ್ಕೊಳತ್ತೆ, ಕಬ್ಬಿಣದ ಜೊತೆ ಕೂಡ್ಕೊಂಡು ಫೆರೋಸೈನೈಡ್ ಆಗಿಬಿಟ್ಟಿರತ್ತೆ, ಅದು ಗಂಧಕಕ್ಕೆ ಜಗ್ಗಲ್ಲ. ಪ್ಲಾಸ್ಟಿಕ್ ಟ್ಯಾಂಕ್ ಹಾಕಿದ್ಮೇಲೆ ಸರಿಹೋಯ್ತು.

ಆಗಿದ್ಯಾ ಇಲ್ವಾ ಅಂತ ನೋಡೋಕೆ, ಸ್ಯಾಂಪಲ್‌ಗೆ ಲೆಡ್ ಕಾರ್ಬೊನೇಟ್ ಹಾಕಿ ಸಲ್ಫೈಡ್ ತೆಗೆದು ಸೋಸಿ, ಫ್ಯೂಮ್ ಹುಡ್ (ವಿಷಗಾಳಿ ಹೊರಗೆ ಎಳೆಯೋ ಗೂಡು) ಒಳಗೇ ಆಸಿಡ್ ಮತ್ತೆ ಫೆರಿಕ್ ನೈಟ್ರೇಟ್ ಬಿಡ್ತೀನಿ. ಥಯೋಸಯನೇಟ್ ಇದ್ರೆ ರಕ್ತಗೆಂಪು. ಗಂಟೆಗಂಟೆಗೆ ಕೆಂಪು ಏರೋದು ನಿಂತ್ರೆ ಬ್ಯಾಚ್ ಮುಗೀತು. ಆಮೇಲೆ ಯಾರೂ ಹೈಪೋಕ್ಲೋರೈಟ್ ಹಾಕ್ಬೇಡಿ, ಥಯೋಸಯನೇಟ್ ಒಡೆದು ವಿಷದ ಸಯನೋಜನ್ ಕ್ಲೋರೈಡ್ ಏಳತ್ತೆ. ಬ್ಯಾಕ್ಟೀರಿಯಾ ಇರೋ ಟ್ರೀಟ್‌ಮೆಂಟ್‌ಗೇ ಕಳಿಸ್ಬೇಕು. ತಾಮ್ರದ ಲೈನಿನ ನೀರನ್ನ ಇದಕ್ಕೆ ಸೇರಿಸ್ಬೇಡಿ, ತಾಮ್ರ ಸೈನೈಡನ್ನ ಗಟ್ಟಿಯಾಗಿ ಹಿಡ್ಕೊಂಡಿರತ್ತೆ, ನಾನಂತೂ ಅದನ್ನ ಬೇರೆ ಟ್ಯಾಂಕಲ್ಲೇ ಇಟ್ಟಿದೀನಿ.