ಕೆರೆ ಅಂಗಳದ ಏಳು ಗುಡಾರಗಳು

ಚಳ್ಳಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಐದು ವರ್ಷ ಸದಸ್ಯನಾಗಿದ್ದೆ. ‘ನಮ್ಮೂರಿನಲ್ಲಿ ಮನೆಯಿಲ್ಲದವರು ಯಾರೂ ಇಲ್ಲ’ ಎಂದು ಮೊದಲ ಗ್ರಾಮ ಸಭೆಯಲ್ಲಿ ಎದ್ದು ನಿಂತು ಹೇಳಿದವನೂ ನಾನೇ. ಕೆರೆ ಅಂಗಳದಲ್ಲಿ ಅಲೆಮಾರಿ ಸಮುದಾಯದ ಸುಡುಗಾಡು ಸಿದ್ಧರ ಏಳು ಗುಡಾರಗಳಿದ್ದವು. ಅವು ಲೆಕ್ಕಕ್ಕೇ ಬಂದಿರಲಿಲ್ಲ. ಗಣೇಶನ ಹಬ್ಬಕ್ಕೆ ನಾನು ಕಟ್ಟಿಸಿದ್ದ ಶುಭಾಶಯದ ಫ್ಲೆಕ್ಸ್ ಒಂದು ಗುಡಾರದ ಮಾಡಾಗಿತ್ತು, ನನ್ನ ಮುಖ ತಲೆಕೆಳಗಾಗಿ. ಅದನ್ನು ಕಂಡ ದಿನವೇ ಒಳಗೆ ಬಗ್ಗಿ ನೋಡಿದ್ದು.

ಮನೆ ಕೊಡಿಸಿಬಿಡೋಣ ಎಂದು ಹೊರಟವನಿಗೆ ಕಾಗದಗಳೇ ಅಡ್ಡ ಬಂದವು. ವಿಳಾಸವಿಲ್ಲದವರಿಗೆ ಪಡಿತರ ಚೀಟಿಯಿಲ್ಲ, ಚೀಟಿಯಿಲ್ಲದವರ ಹೆಸರು ಫಲಾನುಭವಿ ಪಟ್ಟಿಗೆ ಹತ್ತುವುದಿಲ್ಲ. ‘ಯಾವ ಊರೆಂದು ಬರೆದುಕೊಳ್ಳುತ್ತೀರಿ ಸಾಮಿ?’ ಎಂದು ಅಲ್ಲಿನ ಹಿರಿಯಜ್ಜಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೈಹಿಡಿದದ್ದು ಶಾಲೆಯ ದಾಖಲಾತಿ ಪುಸ್ತಕ. ಮೊಮ್ಮಕ್ಕಳು ನಾಲ್ಕು ವರ್ಷದಿಂದ ಇಲ್ಲೇ ಓದುತ್ತಿದ್ದರು. ವಾಸಕ್ಕೆ ಅದೇ ಸಾಕ್ಷಿಯಾಯಿತು. ಆದರೆ ಜಾತಿಯ ಕಾಲಂನಲ್ಲಿ ‘ಅಲೆಮಾರಿ’ ಎಂದಷ್ಟೇ ಗೀಚಿದ್ದರು. ಅವರು ಪರಿಶಿಷ್ಟ ಜಾತಿಯವರು ಎಂಬ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಎಷ್ಟು ಸಲ ಅಲೆದೆನೋ, ಲೆಕ್ಕವಿಟ್ಟಿಲ್ಲ.

ಜಾಗದ್ದು ಬೇರೆಯೇ ರಗಳೆ. ಸರ್ಕಾರಿ ಜಮೀನಿನಲ್ಲಿ ಕಟ್ಟಿಕೊಂಡ ಮನೆಯನ್ನು ಭೂ ಕಂದಾಯ ಕಾಯ್ದೆಯ 94ಸಿ ಕಲಂ ಅಡಿ ಸಕ್ರಮ ಮಾಡಿಸಬಹುದು, ಆದರೆ ಕೆರೆ ಅಂಗಳಕ್ಕೆ ಅದು ನಡೆಯದು. ಎಷ್ಟು ವರ್ಷ ಕೂತಿದ್ದರೂ ಏಳಲೇಬೇಕು. ಗೋಮಾಳದ ಒಂದು ಮೂಲೆ ತೋರಿಸಿದೆ. ‘ದನ ಎಲ್ಲಿ ಮೇಯಬೇಕು?’ ಎಂದು ಊರು ತಿರುಗಿಬಿತ್ತು. ತಕರಾರು ತೆಗೆದವರನ್ನೇ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಬಳ್ಳಾರಿ ಜಾಲಿ ಬಿಟ್ಟರೆ ಅಲ್ಲಿ ಹುಲ್ಲುಕಡ್ಡಿಯೂ ಇರಲಿಲ್ಲ. ಹಕ್ಕುಪತ್ರಗಳನ್ನು ಹೆಂಗಸರ ಹೆಸರಿಗೇ ಮಾಡಿಸಿದೆವು.

ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಮನೆಗೆ 1.75 ಲಕ್ಷ ರೂಪಾಯಿ ಮಂಜೂರಾಯಿತು. ನಾನು ಎಡವಿದ್ದು ಇಲ್ಲಿ. ಬುನಾದಿ ಎದ್ದು, ಅದರ ಜಿಪಿಎಸ್ ಫೋಟೊ ಏರಿದ ಮೇಲಷ್ಟೇ ಮೊದಲ ಕಂತು. ಬುನಾದಿಗೆ ದುಡ್ಡಿದ್ದವರು ಗುಡಾರದಲ್ಲಿ ಏಕಿರುತ್ತಾರೆ? ಮೂರು ತಿಂಗಳು ಸುಣ್ಣದ ಗೆರೆ ಎಳೆದ ನಿವೇಶನಗಳು ಹಾಗೇ ಬಿದ್ದಿದ್ದವು. ಕೊನೆಗೆ ಸೈಜುಗಲ್ಲು, ಸಿಮೆಂಟಿಗೆ ನಾನೇ ಜಾಮೀನು ನಿಂತು ಸಾಲಕ್ಕೆ ತರಿಸಿದೆ. ಮನೆಯಾಕೆ ಎರಡು ದಿನ ಮಾತು ಬಿಟ್ಟಿದ್ದಳು. ಕಂತು ಬಂದ ವಾರದಲ್ಲೇ ಐದೂ ಮನೆಯವರು ಅಂಗಡಿಯ ಬಾಕಿ ತೀರಿಸಿದರು. ನರೇಗಾದ 90 ದಿನಗಳ ಕೂಲಿಯನ್ನೂ ಸೇರಿಸಿಕೊಂಡದ್ದರಿಂದ ಗೋಡೆಗಳು ಬೇಗ ಎದ್ದವು.

ಹೌದು, ಐದೇ. ಉಳಿದೆರಡು ಕುಟುಂಬಗಳು ಊರೂರು ತಿರುಗಲು ಹೋಗಿದ್ದಾಗ ಪರಿಶೀಲನೆಗೆ ಬಂದವರು ‘ವಾಸವಿಲ್ಲ’ ಎಂದು ಬರೆದುಕೊಂಡು ಹೋದರು. ಹಿರಿಯಜ್ಜಿಯದು ಅದರಲ್ಲೊಂದು. ನನ್ನ ಸದಸ್ಯತ್ವದ ಅವಧಿ ಮುಗಿದಿದೆ. ಅಜ್ಜಿಯ ಅರ್ಜಿ ಹಿಡಿದು ತಿಂಗಳಿಗೊಮ್ಮೆ ತಾಲ್ಲೂಕು ಪಂಚಾಯಿತಿಯ ಮೆಟ್ಟಿಲು ಹತ್ತುತ್ತಿದ್ದೇನೆ.