ಹಳೆಯ ಡೆಸ್ಕ್‌ಟಾಪ್‌ಗೆ ಎನ್‌ವಿಎಂಇ ಎಸ್‌ಎಸ್‌ಡಿ: ಫರ್ಮ್‌ವೇರ್ ತಿದ್ದದೆ ಜೋಡಿಸುವ ಕ್ರಮ

ಕಚೇರಿಗಳಿಗೆಂದು 2012–13ರ ಸುಮಾರಿಗೆ ತಯಾರಾದ ಡೆಸ್ಕ್‌ಟಾಪ್‌ಗಳು ಇಂದಿಗೂ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ದುಡಿಯುತ್ತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳಲು ಹೋದವರ ಕೈಗೂ ಇಂಥವೇ ಸಿಗುವುದುಂಟು. ಈ ಬರಹಕ್ಕೆ ಉದಾಹರಣೆಯಾಗಿ ಡೆಲ್ ಆಪ್ಟಿಪ್ಲೆಕ್ಸ್ 7010 ಎಂಬ ಮಾದರಿಯನ್ನು ಇಟ್ಟುಕೊಂಡಿದ್ದೇನೆ. ಇದರಲ್ಲಿ ಇಂಟೆಲ್ ಕ್ಯೂ77 ಚಿಪ್‌ಸೆಟ್, ಅಂದರೆ ಪ್ರೊಸೆಸರ್‌ನ್ನು ಉಳಿದ ಭಾಗಗಳಿಗೆ ಬೆಸೆಯುವ ಚಿಪ್, ಇರುತ್ತದೆ. ಪ್ರೊಸೆಸರ್ ಕೋರ್ ಐ5-3470 ಅಥವಾ ಅದರ ಆಸುಪಾಸಿನದು. ನಾಲ್ಕು ಕೋರ್‌ಗಳ ಆ ಪ್ರೊಸೆಸರ್ ಪತ್ರ, ಲೆಕ್ಕಪತ್ರ, ಬ್ರೌಸರ್, ಪುಟವಿನ್ಯಾಸದಂಥ ಕೆಲಸಗಳಿಗೆ ಈಗಲೂ ಸಾಲುತ್ತದೆ. ಯಂತ್ರ ನಿಧಾನವೆನಿಸುವುದಕ್ಕೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಪ್ರೊಸೆಸರ್ ಅಲ್ಲ, ಒಳಗೆ ತಿರುಗುತ್ತಿರುವ ಹಾರ್ಡ್ ಡಿಸ್ಕ್.

ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿಯನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್ ಬೇಕು. ಹೀಗೆ ಚದುರಿಹೋದ ಸಣ್ಣ ಸಣ್ಣ ಕಡತಗಳನ್ನು ಸೆಕೆಂಡಿಗೆ ಎಂಬತ್ತರಷ್ಟು ಬಾರಿ ಹುಡುಕಿ ಓದುವುದೇ ಅದರ ಮಿತಿ. ಕಂಪ್ಯೂಟರ್ ಆರಂಭವಾಗುವಾಗ ಇಂಥ ಸಾವಿರಾರು ಓದುಗಳು ನಡೆಯುತ್ತವೆ. ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಪ್ರತಿ ಓದಿಗೆ ತಗಲುವ ಕಾಲ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಬಳಸುವವರ ಅನುಭವಕ್ಕೆ ಬರುವ ಬದಲಾವಣೆಯ ಬಹುಪಾಲು ಇದರಿಂದಲೇ ಉಂಟಾಗುವುದು.

ಈ ಲಾಭದ ದೊಡ್ಡ ಪಾಲು ಸಾಧಾರಣ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್‌ಗಳನ್ನು ಕೇಬಲ್‌ನಿಂದ ಮದರ್‌ಬೋರ್ಡ್‌ಗೆ ಸೇರಿಸುವ ಸಂಪರ್ಕ) ಎಸ್‌ಎಸ್‌ಡಿಯಿಂದಲೂ ದೊರೆಯುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಮೂರನೆಯ ತಲೆಮಾರಿನ ಸಾಟಾ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಹರಿಯುತ್ತದೆ. ಎರಡನೆಯದರಲ್ಲಿ ಅದರ ಅರ್ಧದಷ್ಟು. ಕ್ಯೂ77ರಲ್ಲಿ ವೇಗದ ಸಾಟಾ ಪೋರ್ಟ್‌ಗಳು ಎರಡೇ, ಉಳಿದವು ಹಳೆಯ ವೇಗದವು. ಆದ್ದರಿಂದ ಸಾಟಾ ಎಸ್‌ಎಸ್‌ಡಿ ಹಾಕುವವರು ಮದರ್‌ಬೋರ್ಡ್‌ನ ಮೇಲೆ ಮುದ್ರಿಸಿದ ಸಂಖ್ಯೆ ನೋಡಿ ಸೊನ್ನೆ ಅಥವಾ ಒಂದನೆಯ ಪೋರ್ಟ್‌ಗೇ ಕೇಬಲ್ ಸಿಕ್ಕಿಸಬೇಕು. ಎಚ್61 ಚಿಪ್‌ಸೆಟ್‌ನ ಅಗ್ಗದ ಬೋರ್ಡ್‌ಗಳಲ್ಲಿ ಚಿಪ್‌ಸೆಟ್ ಒದಗಿಸುವ ಪೋರ್ಟ್‌ಗಳೆಲ್ಲ ಹಳೆಯ ವೇಗದವೇ. ಅಂಥ ಕಡೆ, ಮತ್ತು ದೊಡ್ಡ ಚಿತ್ರ, ವಿಡಿಯೊ, ಡೇಟಾಬೇಸ್ ಕಡತಗಳೊಡನೆ ಕೆಲಸ ಮಾಡುವವರಿಗೆ ಗ್ರಾಫಿಕ್ಸ್ ಕಾರ್ಡ್‌ನಂಥವನ್ನು ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ವೇಗದ ಸಂಪರ್ಕದ ಮೂಲಕ ಜೋಡಿಸುವ ಎನ್‌ವಿಎಂಇ ಎಸ್‌ಎಸ್‌ಡಿ ನಿಜವಾದ ವ್ಯತ್ಯಾಸ ತರುತ್ತದೆ. ಜೊತೆಗೆ, ನಾಳೆ ಹೊಸ ಕಂಪ್ಯೂಟರ್ ಕೊಂಡಾಗ ಅದೇ ಎಸ್‌ಎಸ್‌ಡಿಯನ್ನು ಅದರ ಎಂ.2 ಸ್ಲಾಟ್‌ಗೆ, ಅಂದರೆ ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರಿಸುವ ಸ್ಲಾಟ್‌ಗೆ, ಸಾಗಿಸಬಹುದು. ಹಾಕಿದ ಹಣ ಹಳೆಯ ಯಂತ್ರದೊಂದಿಗೇ ಮುಗಿದುಹೋಗುವುದಿಲ್ಲ ಎಂಬ ಕಾರಣಕ್ಕೆ ನಾನು ಈ ಮಾರ್ಗವನ್ನೇ ಮೆಚ್ಚುತ್ತೇನೆ.

ಎಂ.2 ಸ್ಲಾಟ್ ಮದರ್‌ಬೋರ್ಡ್‌ಗಳಲ್ಲಿ ಕಾಣಿಸಿಕೊಳ್ಳತೊಡಗಿದ್ದು 2014ರ ಸುಮಾರಿಗೆ. ಅದಕ್ಕಿಂತ ಹಳೆಯ ಬೋರ್ಡ್‌ಗೆ ಅಡಾಪ್ಟರ್ ಕಾರ್ಡ್ ಬೇಕು. ಈ ಕಾರ್ಡ್‌ನಲ್ಲಿ ಬುದ್ಧಿವಂತ ಚಿಪ್ ಏನೂ ಇರುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ಲೇನ್‌ಗಳನ್ನು, ಅಂದರೆ ಮಾಹಿತಿ ಹರಿಯುವ ದಾರಿಗಳನ್ನು, ಎಂ.2 ಆಕಾರದ ಸ್ಲಾಟ್‌ಗೆ ಒಯ್ದು ಮುಟ್ಟಿಸುವುದಷ್ಟೇ ಅದರ ಕೆಲಸ. ಆದ್ದರಿಂದ ದುಬಾರಿ ಕಾರ್ಡ್‌ನ ಅಗತ್ಯವಿಲ್ಲ. ನೋಡಬೇಕಾದದ್ದು ಸ್ಲಾಟ್‌ನ್ನು. ಆಪ್ಟಿಪ್ಲೆಕ್ಸ್ 7010ರಲ್ಲಿ (ಅತಿ ಪುಟ್ಟ ಕ್ಯಾಬಿನೆಟ್‌ನದನ್ನು ಬಿಟ್ಟು) ಉದ್ದನೆಯ ಸ್ಲಾಟ್ ಎರಡಿವೆ. ಒಂದು ಪ್ರೊಸೆಸರ್‌ಗೆ ನೇರವಾಗಿ ಸೇರಿದ, ಗ್ರಾಫಿಕ್ಸ್ ಕಾರ್ಡ್‌ಗೆಂದು ಕೊಟ್ಟ ಹದಿನಾರು ಲೇನ್‌ಗಳ ಸ್ಲಾಟ್. ಇನ್ನೊಂದು ನೋಟಕ್ಕೆ ಅಷ್ಟೇ ಉದ್ದವಿದ್ದರೂ ಒಳಗೆ ನಾಲ್ಕೇ ಲೇನ್‌ಗಳಿದ್ದು ಚಿಪ್‌ಸೆಟ್‌ಗೆ ಸೇರಿದ ಸ್ಲಾಟ್. ಎರಡನೆಯದು ಪಿಸಿಐ ಎಕ್ಸ್‌ಪ್ರೆಸ್ 2.0 ವೇಗದ್ದು, ಲೇನ್‌ಗೆ ಸೆಕೆಂಡಿಗೆ 500 ಮೆಗಾಬೈಟ್‌ನಂತೆ ನಾಲ್ಕಕ್ಕೆ 2000 ಮೆಗಾಬೈಟ್ ಲೆಕ್ಕದಲ್ಲಿ ಸಿಕ್ಕರೂ ಕೈಗೆ ಬರುವುದು ಅದಕ್ಕಿಂತ ಕಡಿಮೆ, ಏಕೆಂದರೆ ಚಿಪ್‌ಸೆಟ್‌ನಿಂದ ಪ್ರೊಸೆಸರ್‌ಗೆ ಹೋಗುವ ಒಂದೇ ದಾರಿಯನ್ನು ಸಾಟಾ, ಯುಎಸ್‌ಬಿ, ನೆಟ್‌ವರ್ಕ್ ಎಲ್ಲವೂ ಹಂಚಿಕೊಳ್ಳುತ್ತವೆ. ಮೂರನೆಯ ತಲೆಮಾರಿನ ಐ5 ಇದ್ದರೆ ಮೊದಲ ಸ್ಲಾಟ್ 3.0 ವೇಗದಲ್ಲಿ ನಡೆಯುವುದರಿಂದ ಅಲ್ಲಿ ಇದರ ಸುಮಾರು ಎರಡರಷ್ಟು ದೊರೆಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಮೊದಲ ಸ್ಲಾಟ್‌ನ್ನೇ ಬಳಸಲಿ. ಇದ್ದವರಿಗೆ ಎರಡನೆಯದೂ ಸಾಕು, ಸಾಟಾಕ್ಕಿಂತ ಅದು ಆಗಲೂ ಬಹಳ ಮುಂದಿರುತ್ತದೆ. ಒಂದೇ ಲೇನ್‌ನ ಚಿಕ್ಕ ಸ್ಲಾಟ್‌ಗೆ ಈ ಕಾರ್ಡ್ ಕೂರುವುದಿಲ್ಲ.

ಕೊಳ್ಳುವಾಗ ಆಗುವ ತಪ್ಪು ಬಹುಪಾಲು ಒಂದೇ. ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಗಳೂ ಬರುತ್ತವೆ, ಅವು ಈ ಅಡಾಪ್ಟರ್‌ನಲ್ಲಿ ಕೆಲಸ ಮಾಡುವುದಿಲ್ಲ. ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಅದು ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಆದರೂ ಪೊಟ್ಟಣದ ಮೇಲೆ ಎನ್‌ವಿಎಂಇ ಎಂಬ ಪದ ಇದೆಯೇ ಎಂದು ಓದಿಯೇ ಹಣ ಕೊಡಿ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ 2280 ಅಳತೆಯದು ಬಹುತೇಕ ಎಲ್ಲ ಅಡಾಪ್ಟರ್‌ಗಳಿಗೂ ಹೊಂದುತ್ತದೆ. ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕನೆಯ ತಲೆಮಾರಿನ ಎಸ್‌ಎಸ್‌ಡಿ ಹಾಕಿದರೂ ನಡೆಯುತ್ತದೆ, ಆದರೆ ಸ್ಲಾಟ್‌ನ ವೇಗಕ್ಕೆ ಇಳಿದು ನಡೆಯುತ್ತದೆ. ಬೆಲೆ ಒಂದೇ ಇದ್ದರೆ ಮಾತ್ರ ಅದನ್ನು ಆರಿಸಿ. ಚಿಕ್ಕ ಕ್ಯಾಬಿನೆಟ್‌ನ ಯಂತ್ರವಾದರೆ ಅಡಾಪ್ಟರ್ ಜೊತೆ ಗಿಡ್ಡ ಬ್ರಾಕೆಟ್ ಕೊಟ್ಟಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ.

ಇನ್ನು ಮುಖ್ಯ ತೊಡಕಿಗೆ ಬರೋಣ. ಎನ್‌ವಿಎಂಇಯ ಮೊದಲ ನಿರ್ದಿಷ್ಟ ರೂಪ ಪ್ರಕಟವಾದದ್ದು 2011ರಲ್ಲಿ. ಆ ಕಾಲದ ಮದರ್‌ಬೋರ್ಡ್‌ಗಳ ಫರ್ಮ್‌ವೇರ್‌ಗೆ, ಅಂದರೆ ನಾವು ವಾಡಿಕೆಯಲ್ಲಿ ಬಯೋಸ್ ಎನ್ನುವುದಕ್ಕೆ, ಈ ಬಗೆಯ ಡ್ರೈವ್ ಎಂದರೇನೆಂದೇ ಗೊತ್ತಿಲ್ಲ. ಆಪರೇಟಿಂಗ್ ಸಿಸ್ಟಮ್ ಆರಂಭವಾದ ಮೇಲೆ ತನ್ನದೇ ಡ್ರೈವರ್‌ನಿಂದ ಡ್ರೈವ್‌ನ್ನು ಸಲೀಸಾಗಿ ಬಳಸುತ್ತದೆ. ಆದರೆ ಆ ಸಿಸ್ಟಮ್‌ನ ಮೊದಲ ಕಡತಗಳನ್ನು ಓದಿ ಮೆಮೊರಿಗೆ ತರಬೇಕಾದದ್ದು ಫರ್ಮ್‌ವೇರ್. ಅದಕ್ಕೆ ಕಾಣದ ಡ್ರೈವ್‌ನಿಂದ ಅದು ಏನನ್ನೂ ಓದಲಾರದು. ಹೊಸ ಎಸ್‌ಎಸ್‌ಡಿ ಬೂಟ್ ಪಟ್ಟಿಯಲ್ಲಿ, ಅಂದರೆ ಯಂತ್ರ ಆರಂಭವಾಗಬಲ್ಲ ಡ್ರೈವ್‌ಗಳ ಪಟ್ಟಿಯಲ್ಲಿ, ಇಲ್ಲವೆಂದು ಗಾಬರಿಗೊಂಡು ಅದನ್ನು ಅಂಗಡಿಗೆ ಹಿಂತಿರುಗಿಸುವವರು ಇದ್ದಾರೆ; ಡ್ರೈವ್‌ನಲ್ಲಿ ದೋಷ ಇರುವುದಿಲ್ಲ.

ಫರ್ಮ್‌ವೇರ್‌ನೊಳಗೆ ಎನ್‌ವಿಎಂಇ ಡ್ರೈವರ್ ಸೇರಿಸಿ ಮತ್ತೆ ಬರೆಯುವ ವಿಧಾನವೊಂದಿದೆ. ಅದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಬರೆಯುವ ನಡುವೆ ಕರೆಂಟ್ ಹೋದರೆ, ಅಥವಾ ಒಂದು ಕಡತ ತಪ್ಪಾದರೆ, ಚಿಪ್‌ಗೆ ನೇರವಾಗಿ ಬರೆಯುವ ಸಾಧನವಿಲ್ಲದೆ ಬೋರ್ಡ್ ಮತ್ತೆ ಏಳುವುದಿಲ್ಲ. ಇದಕ್ಕಿಂತ ನಿರಪಾಯವಾದ ದಾರಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿದೆ: ಆರಂಭಕ್ಕೆ ಬೇಕಾದ ಕೆಲವು ನೂರು ಮೆಗಾಬೈಟ್‌ಗಳ ಬೂಟ್ ಕಡತಗಳನ್ನು ಫರ್ಮ್‌ವೇರ್‌ಗೆ ಪರಿಚಿತವಾದ ಸಾಟಾ ಡಿಸ್ಕ್‌ನಲ್ಲಿ ಇಟ್ಟು, ಉಳಿದ ಇಡೀ ಸಿಸ್ಟಮ್‌ನ್ನು ಎನ್‌ವಿಎಂಇಯಲ್ಲಿ ಇಡುವುದು. ಫರ್ಮ್‌ವೇರ್ ಸಾಟಾ ಡಿಸ್ಕ್‌ನಿಂದ ಗ್ರಬ್ ಎಂಬ ಬೂಟ್ ಕಾರ್ಯಕ್ರಮವನ್ನು ಎಬ್ಬಿಸುತ್ತದೆ. ಗ್ರಬ್ ಅದೇ ಡಿಸ್ಕ್‌ನಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ್ನು ಮೆಮೊರಿಗೆ ತರುತ್ತದೆ. ಎನ್‌ವಿಎಂಇ ಬಲ್ಲ ಕರ್ನೆಲ್ ಅಲ್ಲಿಂದ ಮುಂದೆ ಹೊಸ ಡ್ರೈವ್‌ನಲ್ಲೇ ಎಲ್ಲವನ್ನೂ ನಡೆಸುತ್ತದೆ. ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇಲ್ಲದ ಇನ್ನೂ ಹಳೆಯ ಬೋರ್ಡ್‌ಗಳಲ್ಲೂ ಇದೇ ತರ್ಕ ನಡೆಯುತ್ತದೆ.

ಕೆಲಸ ಆರಂಭಿಸುವ ಮೊದಲು ಹಳೆಯ ಡಿಸ್ಕ್‌ನಲ್ಲಿರುವುದನ್ನೆಲ್ಲ ಬೇರೊಂದು ಹೊರ ಡಿಸ್ಕ್‌ಗೆ ನಕಲಿಸಿ, ನಕಲಾದ ಕೆಲವು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ಹತ್ತು ವರ್ಷ ದಾಟಿದ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ಎಂಬ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಬೂಟ್ ಕೆಲಸಕ್ಕೂ ಅದನ್ನು ನಂಬಬೇಡಿ. ಅದರ ಬದಲು ಚಿಕ್ಕದೊಂದು ಸಾಟಾ ಎಸ್‌ಎಸ್‌ಡಿ ಅಥವಾ 8 ಜಿಬಿಯ ಒಳ್ಳೆಯ ಪೆನ್ ಡ್ರೈವ್ ಸಾಕು.

ಯಂತ್ರವನ್ನು ಪೂರ್ತಿಯಾಗಿ ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್‌ನ್ನು ಐದಾರು ಸೆಕೆಂಡ್ ಒತ್ತಿಹಿಡಿದು ಒಳಗುಳಿದ ವಿದ್ಯುತ್ತನ್ನು ಹೋಗಲಾಡಿಸಿ. ಕ್ಯಾಬಿನೆಟ್‌ನ್ನು ಅಡ್ಡ ಮಲಗಿಸಿ ಮುಚ್ಚಳ ತೆಗೆದು, ಬಣ್ಣವಿಲ್ಲದ ಲೋಹದ ಚೌಕಟ್ಟನ್ನು ಕೈಯಿಂದ ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ ಇಳಿಸಿಕೊಳ್ಳಿ. ಕೆಲಸದ ನಡುನಡುವೆಯೂ ಹಾಗೆ ಮುಟ್ಟುತ್ತಿರಿ. ಸ್ಲಾಟ್‌ನೊಳಗಿನ ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಬೇಕು, ಬಾಯಿಂದ ಊದಬಾರದು. ಹೇಗೂ ತೆರೆದಿದ್ದೀರಿ, ಹಳೆಯ ಸಿಆರ್2032 ಬಟನ್ ಸೆಲ್‌ನ್ನೂ ಈಗಲೇ ಬದಲಾಯಿಸಿ. ಅದು ಸತ್ತರೆ ಮುಂದೆ ಬಯೋಸ್‌ನಲ್ಲಿ ಮಾಡುವ ಬದಲಾವಣೆಗಳು ಅಳಿಸಿಹೋಗುವ ಸಂಭವವಿದೆ.

ಎಸ್‌ಎಸ್‌ಡಿಯನ್ನು ಅಡಾಪ್ಟರ್‌ಗೆ ಮೇಜಿನ ಮೇಲಿಟ್ಟೇ ಜೋಡಿಸಿಕೊಳ್ಳುವುದು ಸುಲಭ. ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಅಂಚನ್ನು ಒಳಗೆ ತಳ್ಳಿ, ಚಿನ್ನದ ಪಟ್ಟಿ ಹೆಚ್ಚುಕಡಿಮೆ ಮರೆಯಾದ ಮೇಲೆ ಇನ್ನೊಂದು ತುದಿಯನ್ನು ಕೆಳಗೊತ್ತಿ ಪುಟ್ಟ ಸ್ಕ್ರೂ ಬಿಗಿಯಿರಿ. ಬೆರಳ ತುದಿಯ ಬಲದಷ್ಟು ಬಿಗಿ ಸಾಕು. ಹೀಟ್‌ಸಿಂಕ್ ಕೊಟ್ಟಿದ್ದರೆ ಅದರ ಮೆತ್ತೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತೇ ಕೂರಿಸಬೇಕು. ಎಸ್‌ಎಸ್‌ಡಿಯ ಮೇಲಿನ ಕಂಪನಿಯ ಚೀಟಿಯನ್ನು ಮಾತ್ರ ಕೀಳಬೇಡಿ, ವಾರಂಟಿಗೆ ಅದು ಬೇಕಾಗುತ್ತದೆ. ಕೊನೆಗೆ ಸ್ಲಾಟ್‌ನ ಎದುರಿನ ತಗಡಿನ ಪಟ್ಟಿ ತೆಗೆದು, ಕಾರ್ಡ್‌ನ್ನು ನೆಟ್ಟಗೆ ಹಿಡಿದು ಎರಡೂ ತುದಿಗೆ ಸಮನಾದ ಒತ್ತಡ ಹಾಕಿ ಕೂರಿಸಿ.

ಈಗ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ಬೂಟ್ ವಿಧಾನವನ್ನು ಯುಇಎಫ್‌ಐಗೂ, ಸಾಟಾ ಆಪರೇಷನ್‌ನ್ನು ಎಎಚ್‌ಸಿಐಗೂ ಬದಲಾಯಿಸಿ. ಹಳೆಯ ವಿಂಡೋಸ್‌ನ್ನು ಉಳಿಸಿಕೊಳ್ಳುವವರು ಈ ಎರಡನ್ನೂ ಮುಟ್ಟಬಾರದು, ಮುಟ್ಟಿದರೆ ಆ ವಿಂಡೋಸ್ ಏಳದೆ ನಿಲ್ಲಬಹುದು. ಬಳಿಕ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ ಬರೆದ ಪೆನ್ ಡ್ರೈವ್ ಸಿಕ್ಕಿಸಿ, ಎಫ್12ರ ಪಟ್ಟಿಯಲ್ಲಿ ಅದರ ಯುಇಎಫ್‌ಐ ಸಾಲನ್ನೇ ಆರಿಸಿ. ಪರದೆ ಮೂಡಿದ ಮೇಲೆ ಡಿಸ್ಕ್ಸ್ ಎಂಬ ಸಾಧನ ತೆರೆದರೆ ಹೊಸ ಎಸ್‌ಎಸ್‌ಡಿ ಅಲ್ಲಿ ಕಾಣಿಸಬೇಕು. ಕಾಣದಿದ್ದರೆ ಯಂತ್ರ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಕಾರ್ಡ್‌ನ್ನು ಮತ್ತೆ ಕೂರಿಸಿ; ಹತ್ತರಲ್ಲಿ ಒಂಬತ್ತು ಸಲ ತೊಂದರೆ ಅಲ್ಲೇ ಇರುತ್ತದೆ.

ಅನುಸ್ಥಾಪನೆಯಲ್ಲಿ ಎಚ್ಚರ ಬೇಕಾದದ್ದು ವಿಭಾಗಗಳನ್ನು ಮಾಡುವ ಹಂತದಲ್ಲಿ. ಡಿಸ್ಕ್ ಪೂರ್ತಿ ಅಳಿಸಿ ತಾನೇ ಎಲ್ಲ ಮಾಡುವ ಆಯ್ಕೆಯನ್ನು ಬಿಟ್ಟು, ವಿಭಾಗಗಳನ್ನು ನಾವೇ ಹೇಳುವ ಆಯ್ಕೆ ತೆಗೆದುಕೊಳ್ಳಿ. ಈಗಾಗಲೇ ನಕಲು ತೆಗೆದಿಟ್ಟುಕೊಂಡ ಹಳೆಯ ಸಾಟಾ ಡಿಸ್ಕ್‌ನಲ್ಲಿ ಜಿಪಿಟಿ ಎಂಬ ಬಗೆಯ ಹೊಸ ವಿಭಾಗಪಟ್ಟಿ ರಚಿಸಿ — ಇದು ಅದರಲ್ಲಿರುವುದನ್ನೆಲ್ಲ ಅಳಿಸುತ್ತದೆ — 512 ಮೆಗಾಬೈಟ್‌ನ ಇಎಫ್‌ಐ ವಿಭಾಗವೊಂದನ್ನು ಮಾಡಿ, 2 ಜಿಬಿಯ ಇಎಕ್ಸ್‌ಟಿ4 ಬಗೆಯ ವಿಭಾಗವೊಂದನ್ನು ಬೂಟ್ (/boot) ಎಂಬ ತಾಣಕ್ಕೆ ಗೊತ್ತುಮಾಡಿ. ಉಳಿದ ಜಾಗ ದತ್ತಾಂಶಕ್ಕಿರಲಿ. ಎನ್‌ವಿಎಂಇ ಡ್ರೈವ್‌ನಲ್ಲಿ ಒಂದೇ ವಿಭಾಗ, ರೂಟ್ (/) ಎಂಬ ತಾಣಕ್ಕೆ. ಅಲ್ಲಿ ಇನ್ನೊಂದು ಇಎಫ್‌ಐ ವಿಭಾಗ ಮಾಡಬೇಡಿ, ಮಾಡಿದರೆ ಅನುಸ್ಥಾಪಕ ಗ್ರಬ್‌ನ್ನು ಫರ್ಮ್‌ವೇರ್‌ಗೆ ಕಾಣದ ಕಡೆ ಇಡುವ ಸಾಧ್ಯತೆ ಇದೆ. ಗ್ರಬ್ ಎಲ್ಲಿ ಕೂರಬೇಕೆಂದು ಕೇಳುವ ಸಾಲಿನಲ್ಲೂ ಸಾಟಾ ಡಿಸ್ಕ್‌ನ ಹೆಸರೇ ಇರಬೇಕು. ಮುಂದೆ ಕರ್ನೆಲ್‌ನ ಪ್ರತಿ ಅಪ್‌ಡೇಟ್‌ಗೂ ಹೊಸ ಕರ್ನೆಲ್ ಬೂಟ್ ವಿಭಾಗಕ್ಕೆ ಸೇರುತ್ತಾ ಹೋಗುವುದರಿಂದ, ಹಳೆಯ ಕರ್ನೆಲ್‌ಗಳನ್ನು ಆಗಾಗ ತೆಗೆದು ಆ 2 ಜಿಬಿ ತುಂಬದಂತೆ ನೋಡಿಕೊಳ್ಳಬೇಕು.

ನುಡಿ, ಟ್ಯಾಲಿಯಂಥ ತಂತ್ರಾಂಶಗಳಿಗಾಗಿ ವಿಂಡೋಸ್ ಬಿಡಲಾರದವರ ಸ್ಥಿತಿ ಬೇರೆ. ವಿಂಡೋಸ್‌ನ ಬೂಟ್ ಕಾರ್ಯಕ್ರಮ ಡಿಸ್ಕ್ ಓದಲು ಫರ್ಮ್‌ವೇರ್‌ನ್ನೇ ಅವಲಂಬಿಸುವುದರಿಂದ ಮೇಲಿನ ಉಪಾಯ ಅಲ್ಲಿ ನಡೆಯುವುದಿಲ್ಲ. ಎನ್‌ವಿಎಂಇ ಡ್ರೈವರ್ ಸೇರಿಸಿದ ಕ್ಲೋವರ್ ಎಂಬ ಬೂಟ್‌ಲೋಡರ್‌ನ್ನು ಪೆನ್ ಡ್ರೈವ್‌ನಲ್ಲಿಟ್ಟು ವಿಂಡೋಸ್ 10 ನಡೆಸಬಹುದು, ಅನೇಕರು ನಡೆಸುತ್ತಿದ್ದಾರೆ. ಆದರೆ ಅಂಗಡಿಯ ಲೆಕ್ಕವನ್ನೇ ಹೊತ್ತ ಯಂತ್ರವನ್ನು ಅಂಥ ವ್ಯವಸ್ಥೆಗೆ ಒಪ್ಪಿಸುವುದು ಸರಿಯೆಂದು ನನಗೆ ತೋರುವುದಿಲ್ಲ. ವಿಂಡೋಸ್‌ನ್ನು ಸಾಟಾ ಎಸ್‌ಎಸ್‌ಡಿಯಲ್ಲಿಟ್ಟು, ಬೇಕಿದ್ದರೆ ಎನ್‌ವಿಎಂಇಯನ್ನು ಕಡತಗಳ ಡ್ರೈವ್ ಆಗಿ ಬಳಸುವುದೇ ಅವರಿಗೆ ಮೇಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ, ಮೂರನೆಯ ತಲೆಮಾರಿನ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ ಎಂಬುದನ್ನೂ ಅವರು ಗಮನದಲ್ಲಿಡಬೇಕು.

ಎಲ್ಲ ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಪಿಸಿಐ ಸಾಧನಗಳ ವಿವರವಾದ ಪಟ್ಟಿ ತರಿಸಿ, ಎನ್‌ವಿಎಂಇಯ ಲಿಂಕ್ ಸ್ಥಿತಿಯ ಸಾಲನ್ನು ಓದಿ. ಅಗಲ ನಾಲ್ಕು ಎಂದಿರಬೇಕು. ವೇಗ ಚಿಪ್‌ಸೆಟ್ ಸ್ಲಾಟ್‌ನಲ್ಲಿ 5, ಪ್ರೊಸೆಸರ್ ಸ್ಲಾಟ್‌ನಲ್ಲಿ 8 ಗಿಗಾಟ್ರಾನ್ಸ್‌ಫರ್ ಎಂದಿರಬೇಕು. ಅಗಲ ಒಂದು ಎಂದು ಬಂದರೆ ಕಾರ್ಡ್ ಓರೆಯಾಗಿ ಕೂತಿದೆ ಅಥವಾ ಸಂಪರ್ಕಗಳ ಮೇಲೆ ಧೂಳಿದೆ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಕೆಲಸ ಮಿಂಟ್ ಮತ್ತು ಉಬುಂಟುಗಳಲ್ಲಿ ವಾರಕ್ಕೊಮ್ಮೆ ತಾನಾಗಿಯೇ ನಡೆಯುತ್ತದೆ. ಇನ್ನು ಹಳೆಯ ಹಾರ್ಡ್ ಡಿಸ್ಕ್ ಬೂಟ್ ಆಗುವಾಗ, ಅಪ್‌ಡೇಟ್ ಆಗುವಾಗ ಮತ್ತು ಅದರಲ್ಲಿಟ್ಟ ದತ್ತಾಂಶ ತೆರೆಯುವಾಗ ಮಾತ್ರ ಬೇಕಾಗುವುದರಿಂದ, ಡಿಸ್ಕ್ಸ್ ಸಾಧನದ ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಅದು ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ತಿರುಗುವುದನ್ನು ನಿಲ್ಲಿಸುವಂತೆ ಗೊತ್ತುಮಾಡಿ. ಅದರ ಬೂಟ್ ಮತ್ತು ಇಎಫ್‌ಐ ವಿಭಾಗಗಳ ಪ್ರತಿಯೊಂದನ್ನು ಪೆನ್ ಡ್ರೈವ್‌ಗೆ ತೆಗೆದಿಟ್ಟುಕೊಳ್ಳಿ.