ಹೊಸ ಕಾರಿನ ಹಾರ್ಡ್ ಗೇರು: ನಾನು ಸರಿಮಾಡಿಕೊಂಡ ರೀತಿ

ಎರಡು ಬಾಗಿಲಿನ, ಹಿಂದಿನ ಚಕ್ರ ಎಳೆಯುವ, ಆರು ಗೇರಿನ ಮ್ಯಾನುಯಲ್ ಸ್ಪೋರ್ಟ್ಸ್ ಕಾರು ಮನೆಗೆ ಬಂದಾಗ ಇಂಜಿನ್ ಬಗ್ಗೆ ನನಗೆ ಒಂದೇ ಒಂದು ದೂರು ಇರಲಿಲ್ಲ. ಗೇರ್ ಮಾತ್ರ ಹಾರ್ಡ್ ಇತ್ತು. ಒಂದರಿಂದ ಎರಡಕ್ಕೆ ಎಳೆದರೆ ನಡುವೆ ಏನೋ ಅಡ್ಡ ನಿಂತ ಹಾಗೆ ತಡೆದು, ಆಮೇಲೆ ಕಟಕ್ ಎಂದು ಬೀಳುತ್ತಿತ್ತು. ಮೂರರಿಂದ ಎರಡಕ್ಕೆ ಇಳಿಸುವಾಗ ಇನ್ನೂ ಬಿಗಿ. ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, "ಹೊಸ ಗಾಡಿ ಅಲ್ವಾ ಸರ್, ಓಡ್ತಾ ಓಡ್ತಾ ಫ್ರೀ ಆಗ್ತದೆ" ಎಂದರು. ಆ ಮಾತು ಅರ್ಧ ನಿಜ. ಸುಮ್ಮನೆ ಓಡಿಸಿದರೆ ಆಗುವುದು ಸ್ವಲ್ಪ. ಅದರೊಳಗೆ ಏನು ನಡೆಯುತ್ತದೆಂದು ತಿಳಿದು ಓಡಿಸಿದರೆ ಆಗುವುದು ಬಹಳ.

ಮೊದಲು ನೋಡಬೇಕಾದದ್ದು, ಇದು ಹೊಸತನದ ಬಿಗಿಯೋ ಅಥವಾ ನಿಜವಾದ ದೋಷವೋ ಎಂದು. ಸಮತಟ್ಟಾದ ಜಾಗದಲ್ಲಿ ಇಂಜಿನ್ ಬಂದ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಆರೂ ಗೇರುಗಳನ್ನು ಹಾಕಿ ತೆಗೆದು ನೋಡಿದೆ. ಹಲ್ಲಿಗೆ ಹಲ್ಲು ಎದುರಾಗಿ ಒಂದೊಂದು ಗೇರು ಬೀಳದೇ ಹೋದರೆ ಗಾಬರಿ ಬೇಡ, ಕಾರನ್ನು ಸ್ವಲ್ಪ ಅಲುಗಾಡಿಸಿದರೆ ಬೀಳುತ್ತದೆ. ನಂತರ ಅದನ್ನೇ ಇಂಜಿನ್ ಚಾಲೂ ಮಾಡಿ ನೋಡಿದೆ. ಬಂದ್ ಇದ್ದಾಗ ಸಲೀಸು, ಚಾಲೂ ಇದ್ದಾಗ ನಿಂತಲ್ಲೇ ಬಿಗಿ ಎಂದಾದರೆ ಕ್ಲಚ್ ಇಂಜಿನಿನಿಂದ ಗೇರ್ ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ ಎಂದರ್ಥ. ಎರಡರಲ್ಲೂ ಬಿಗಿ ಎಂದಾದರೆ ಲಿವರ್, ಅದನ್ನು ಗೇರ್ ಬಾಕ್ಸಿಗೆ ಜೋಡಿಸುವ ಲಿಂಕೇಜ್ ಕಡೆ ನೋಡಬೇಕು. ನನ್ನ ಕಾರಿನಲ್ಲಿ ಕಂಡದ್ದು ಮೊದಲನೆಯದು. ಹೊಚ್ಚ ಹೊಸ ಕಾರಿನ ಕ್ಲಚ್ ಯಾಕೆ ಬಿಡುವುದಿಲ್ಲ ಎಂದು ಟಾರ್ಚ್ ಹಿಡಿದು ಪೆಡಲ್ ಬುಡಕ್ಕೆ ಬಗ್ಗಿದಾಗ ಕಾರಣ ಸಿಕ್ಕಿತು. ಮಳೆಗಾಲಕ್ಕೆಂದು ಆಕ್ಸೆಸರೀಸ್ ಅಂಗಡಿಯಲ್ಲಿ ಹಾಕಿಕೊಟ್ಟ ದಪ್ಪದ 7ಡಿ ಮ್ಯಾಟಿನ ಅಂಚು ಪೆಡಲ್‌ನ ಹಿಂದೆ ಮೇಲೆದ್ದು ನಿಂತಿತ್ತು. ಪೆಡಲ್ ನೆಲ ಮುಟ್ಟುವ ಮೊದಲೇ ಅದಕ್ಕೆ ತಾಗುತ್ತಿತ್ತು. ಮ್ಯಾಟನ್ನು ತೆಗೆದು ಕಂಪನಿಯ ತೆಳು ಮ್ಯಾಟ್ ಹಾಕಿ, ಸೀಟನ್ನು ಒಂದು ನಾಚ್ ಮುಂದೆ ತಂದೆ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು, ಇಲ್ಲವಾದರೆ ಅವಸರದಲ್ಲಿ ಕಾಲು ಕೊನೆಯವರೆಗೆ ಹೋಗುವುದಿಲ್ಲ. ನಮ್ಮ ಊರಲ್ಲಿ ಜೂನ್ ಬಂತೆಂದರೆ ಎಲ್ಲರೂ ದಪ್ಪ ಮ್ಯಾಟ್ ಹಾಕಿಸುತ್ತಾರೆ. ಗೇರ್ ಹಾರ್ಡ್ ಎನ್ನುವವರು ದಯವಿಟ್ಟು ಮೊದಲು ಅಲ್ಲಿ ಕೈಯಾಡಿಸಿ ನೋಡಿ.

ಇದರಿಂದ ನಿಂತಲ್ಲಿನ ಬಿಗಿ ಹೋಯಿತು, ಓಡುವಾಗಿನದು ಉಳಿಯಿತು. ಅದು ಸಿಂಕ್ರೊನೈಸರಿನ ಕೆಲಸ. ಚಿಕ್ಕದಾಗಿ ಸಿಂಕ್ರೊ, ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಭಾಗ.

ಗೇರ್ ಬಾಕ್ಸಿನೊಳಗೆ ಪ್ರತಿ ಗೇರಿನ ಪಕ್ಕ ಒಂದು ರಿಂಗ್ ಇರುತ್ತದೆ, ಸಾಮಾನ್ಯವಾಗಿ ಹಿತ್ತಾಳೆ ಜಾತಿಯ ಲೋಹದ್ದು. ನಾವು ಲಿವರ್ ಎಳೆದಾಗ ಮೊದಲು ಆ ರಿಂಗ್ ಹೋಗಿ ಗೇರಿನ ಕೋನಿಗೆ (ಶಂಕುವಿನಾಕಾರದ ಭಾಗಕ್ಕೆ) ಉಜ್ಜಿ, ಎರಡರ ವೇಗವನ್ನು ಒಂದು ಮಾಡುತ್ತದೆ. ವೇಗ ಒಂದಾಗುವ ತನಕ ರಿಂಗಿನ ಹಲ್ಲುಗಳು ಸ್ಲೀವನ್ನು, ಅಂದರೆ ಲಿವರ್ ದೂಡುವ, ಗೇರನ್ನು ಶಾಫ್ಟಿಗೆ ಜೋಡಿಸುವ ಬಳೆಯನ್ನು, ಅಡ್ಡ ಹಿಡಿಯುತ್ತವೆ. ಒಂದಾದ ಕೂಡಲೇ ದಾರಿ ಬಿಡುತ್ತವೆ. ನನ್ನ ಕೈಗೆ 'ಅಡ್ಡ' ಎಂದು ಅನಿಸುತ್ತಿದ್ದದ್ದು ಅದೇ. ಒಂದರಿಂದ ಎರಡಕ್ಕೆ ಹೋಗುವಾಗ ಅದು ಹೆಚ್ಚು ಗೊತ್ತಾಗಲು ಕಾರಣ ಲೆಕ್ಕದಲ್ಲೇ ಉಂಟು. ಒಂದನೇ ಗೇರಿನ ಅನುಪಾತ (ಚಕ್ರದ ಕಡೆಯ ಶಾಫ್ಟು ಒಂದು ಸುತ್ತು ಬರುವಾಗ ಇಂಜಿನ್ ಕಡೆಯದು ಬರುವ ಸುತ್ತು) 3.6, ಎರಡನೆಯದು 2.2 ಎಂದಿಟ್ಟುಕೊಳ್ಳಿ. 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಗೇರ್ ಬದಲಿಸಿದರೆ ಇಂಜಿನ್ ಕಡೆಯ ಒಳಗಿನ ಶಾಫ್ಟು ಸುಮಾರು 1830ಕ್ಕೆ ಇಳಿಯಬೇಕು. ಮೂರರಿಂದ ನಾಲ್ಕಕ್ಕೆ ಇಷ್ಟು ದೊಡ್ಡ ಜಿಗಿತ ಇರುವುದಿಲ್ಲ. ಅದಕ್ಕೇ ಹಲವು ಕಂಪನಿಗಳು ಕೆಳಗಿನ ಗೇರುಗಳಿಗೆ ಎರಡು, ಮೂರು ಕೋನುಗಳ ಸಿಂಕ್ರೊ ಹಾಕುತ್ತವೆ.

ಇದು ತಿಳಿದ ಮೇಲೆ ಕೈಯ ಕೆಲಸ ಬದಲಾಯಿತು. ಒಂದನೇ ಗೇರಿನಿಂದ ನ್ಯೂಟ್ರಲ್‌ಗೆ ಬೇಗ ಬರುತ್ತೇನೆ, ಎರಡರ ಬಾಯಿಗೆ ಲಿವರನ್ನು ತಾಗಿಸಿ ಎರಡೇ ಬೆರಳಿನ ಒತ್ತಡ ಇಟ್ಟು ಹಿಡಿಯುತ್ತೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದಾಗಿಯೇ ಒಳಗೆ ಹೋಗುತ್ತದೆ. ದೂಡಿದರೆ ಉಳಿಯುವ ಸಮಯ ಬಹಳ ಕಡಿಮೆ, ಕೈಗೆ ಪೆಟ್ಟು ಮಾತ್ರ ಹೆಚ್ಚು.

ಇನ್ನೊಂದು ಸಂಗತಿಯನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಕಾರಿನಂಥ ಆರು ಗೇರಿನ ಲಿವರ್ ಸ್ಪ್ರಿಂಗಿನ ಬಲದಿಂದ ಮೂರು–ನಾಲ್ಕರ ಸಾಲಿಗೆ ತಾನಾಗಿ ಬಂದು ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಡಕ್ಕೆ ಒತ್ತಿ ಬಿಟ್ಟು ನೋಡಿ, ಗೊತ್ತಾಗುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಮುಷ್ಟಿ ಕಟ್ಟಿ ಓರೆಯಾಗಿ ಒತ್ತಿದರೆ ಲಿವರ್ ಗೇಟಿನ (ಅದು ಓಡುವ ದಾರಿಯ) ಮೂಲೆಗೆ ಉಜ್ಜುತ್ತದೆ, ಅದನ್ನೂ ನಾವು ಗೇರ್ ಬಾಕ್ಸಿನ ಬಿಗಿ ಎಂದೇ ಲೆಕ್ಕ ಹಾಕುತ್ತೇವೆ. ತೆರೆದ ಅಂಗೈಯಿಂದ ನೇರ ಮುಂದಕ್ಕೆ ಒತ್ತಿ, ನ್ಯೂಟ್ರಲ್‌ನಲ್ಲಿ ಸ್ಪ್ರಿಂಗಿಗೆ ಎಳೆಯಲು ಬಿಟ್ಟು, ಮತ್ತೆ ನೇರ ಮುಂದಕ್ಕೆ ಒತ್ತಬೇಕು. ಒಂದು–ಎರಡಕ್ಕೆ ಅಂಗೈ ಹೊರಮುಖ ಮಾಡಿ ಎಡಕ್ಕೆ ಒತ್ತಿ ಹಿಡಿಯುವುದು, ಐದು–ಆರಕ್ಕೆ ಅಂಗೈ ಒಳಮುಖ. ಅಭ್ಯಾಸವಾದರೆ ಯೋಚಿಸಬೇಕಾಗಿಲ್ಲ.

ಎಣ್ಣೆ ಬಿಸಿಯಾಗುವ ಮೊದಲು ಗೇರು ಬಿಗಿ ಇರುತ್ತದೆ ಎನ್ನುವುದು ಚಳಿ ದೇಶದವರ ಮಾತು, ಮಂಗಳೂರಿಗೆ ಅದೆಲ್ಲ ಯಾಕೆ ಎಂದು ಹಲವರು ಕೇಳುತ್ತಾರೆ. ಇಲ್ಲಿಯೂ ಅದು ನಿಜ. ಡಿಸೆಂಬರಿನ ಬೆಳಿಗ್ಗೆಯೂ ನಮ್ಮಲ್ಲಿ 20 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ, ಆದರೆ ಗೇರ್ ಬಾಕ್ಸಿನ ಎಣ್ಣೆ ಹದಕ್ಕೆ ಬರಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಬೇಕು. ಇಂಜಿನಿನ ನೀರು ಬೇಗ ಕಾಯುತ್ತದೆ. ಮಂಗಳೂರಿನ ಬಿಜೈಯಿಂದ ಉಡುಪಿ ಕಡೆಗೆ ಹೊರಟರೆ ಕೂಳೂರು ಸೇತುವೆಗೆ ಬರುವಾಗ ಮುಳ್ಳು ನಡುವಿಗೆ ಬಂದಿರುತ್ತದೆ. ಗೇರ್ ಎಣ್ಣೆ ಬಿಸಿಯಾಗುವುದು ಮುಖ್ಯವಾಗಿ ಗೇರುಗಳು ಅದನ್ನು ಕಲಕುವುದರಿಂದ, ಹಾಗಾಗಿ ಸುರತ್ಕಲ್ ದಾಟಿದರೂ ಅದು ಇನ್ನೂ ದಪ್ಪ. ರಿಂಗು ಕೋನಿಗೆ ಹಿಡಿಯಬೇಕಾದರೆ ಆ ದಪ್ಪ ಪದರ ಪಕ್ಕಕ್ಕೆ ಸರಿಯಬೇಕು. ಮೂಲ್ಕಿಯವರೆಗೆ ನಾನು 2500 ಆರ್‌ಪಿಎಂ ದಾಟಿಸುವುದಿಲ್ಲ, ಎರಡಕ್ಕೆ ಇಳಿಸುವುದೂ ಕಡಿಮೆ. ಪಡುಬಿದ್ರಿ, ಕಾಪು ಬರುವಾಗ ಅದೇ ಲಿವರ್ ಬೇರೆಯೇ ಕಾರಿನದ್ದು ಎನಿಸುತ್ತದೆ.

ಗೇರ್ ಇಳಿಸುವುದನ್ನು ನನಗೆ ಕಲಿಸಿದವರು ನೆರೆಮನೆಯ ಹಿರಿಯರು. ಸಿಂಕ್ರೊ 1928ರಲ್ಲೇ ಕ್ಯಾಡಿಲಾಕ್ ಕಾರಿಗೆ ಬಂದಿದ್ದರೂ ಅವರು ಓಡಿಸಿದ ಲಾರಿಗಳಲ್ಲಿ ಅದು ಇರಲಿಲ್ಲ, ಡಬಲ್ ಕ್ಲಚ್ (ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತುವುದು) ಹಾಕದೆ ಗೇರೇ ಬೀಳುತ್ತಿರಲಿಲ್ಲ. ನನ್ನ ಪಕ್ಕ ಕೂತು ಒಂದು ಸುತ್ತು ಬಂದವರು, "ದೂಡ್ಬೇಡ ಮಾರಾಯ. ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಡು, ಅದೇ ಬೀಳ್ತದೆ" ಎಂದರು.

ಕ್ಲಚ್ ಒತ್ತಿಕೊಂಡೇ ರೇಸ್ ಕೊಟ್ಟರೆ ಗೇರ್ ಮೆತ್ತಗೆ ಬೀಳುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಕ್ಲಚ್ ಒತ್ತಿರುವಾಗ ಇಂಜಿನಿಗೂ ಗೇರ್ ಬಾಕ್ಸಿಗೂ ಸಂಬಂಧವೇ ಕಡಿದಿರುತ್ತದೆ. ಆಗ ಕೊಟ್ಟ ರೇಸಿನಿಂದ ಕ್ಲಚ್ ಬಿಡುವಾಗಿನ ಜರ್ಕ್ ತಪ್ಪುತ್ತದೆ, ಸಿಂಕ್ರೊದ ಹೊರೆ ಇಳಿಯುವುದಿಲ್ಲ. ಹೊರೆ ಇಳಿಯಬೇಕಾದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ರೇಸ್ ಕೊಡಬೇಕು, ಆಗ ಒಳಗಿನ ಶಾಫ್ಟೂ ವೇಗ ಪಡೆಯುತ್ತದೆ. ಮೂರರಲ್ಲಿ 2000ದಲ್ಲಿದ್ದರೆ ಎರಡರಲ್ಲಿ ಸುಮಾರು 2900 ಬೇಕು. ಕ್ಲಚ್ ಒತ್ತು, ನ್ಯೂಟ್ರಲ್, ಕ್ಲಚ್ ಬಿಡು, 3000ದ ಹತ್ತಿರ ಏರಿಸು, ಕ್ಲಚ್ ಒತ್ತು, ಎರಡು. ಸರಿಯಾಗಿ ಕೂಡಿದಾಗ ಬೆಣ್ಣೆಗೆ ಚೂರಿ ಇಳಿದ ಹಾಗೆ ಲಿವರ್ ಒಳಗೆ ಹೋಗುತ್ತದೆ, ಕಟಕ್ ಎನ್ನುವ ಸದ್ದೇ ಇಲ್ಲ.

ಇದನ್ನು ನಾನು ರೂಢಿ ಮಾಡಿಕೊಂಡದ್ದು ಆಗುಂಬೆಯಲ್ಲಿ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿದರೆ 14 ಹೇರ್‌ಪಿನ್ ತಿರುವುಗಳು ಒಂದರ ಹಿಂದೆ ಒಂದು. ವಾರದ ನಡುವೆ, ಬೆಳಕು ಹರಿದ ಮೇಲೆ, ಮಳೆ ಇಲ್ಲದ ದಿನ ನೋಡಿ ಹೋಗುತ್ತಿದ್ದೆ. ತಿರುವಿಗೆ ಮೊದಲೇ, ನೇರ ರಸ್ತೆಯಲ್ಲಿ ಬ್ರೇಕ್ ಮುಗಿಸಿ, ಆಮೇಲೆ ಡಬಲ್ ಕ್ಲಚ್. ತಿರುವಿನೊಳಗೆ ಕೈ ಎರಡೂ ಸ್ಟಿಯರಿಂಗ್ ಮೇಲೆ. ಮೇಲಿನಿಂದ ಬಸ್ ಬರುತ್ತಿದ್ದರೆ ಅಭ್ಯಾಸ ಬದಿಗಿಟ್ಟು ದಾರಿ ಬಿಡುವುದು. ತಿರುವಿನಲ್ಲಿ ಒಂದನೇ ಗೇರು ಬೇಕೇ ಬೇಕು ಅನಿಸಿದರೆ ಪೂರ್ತಿ ನಿಧಾನ ಮಾಡಿ ಹಾಕಿ. ಓಡುವಾಗ ಒಂದಕ್ಕೆ ಇಳಿಸುವಷ್ಟು ಹೊರೆ ಸಿಂಕ್ರೊಗೆ ಇನ್ನೊಂದಿಲ್ಲ.

ಇನ್ನು ಎಣ್ಣೆಯ ಸಂಗತಿ. ಗೇರ್ ಎಣ್ಣೆ ಬದಲಿಸುವುದೇ ಬೇಡ ಎಂದು ಕಾರಿನ ಪುಸ್ತಕದಲ್ಲಿ ಇದ್ದರೂ ಹೊಸ ಗೇರುಗಳು ಒಂದಕ್ಕೊಂದು ಕೂಡಿಕೊಂಡ ಮೇಲೆ ನಾನು ಬದಲಿಸಿದೆ, ಪುಸ್ತಕದಲ್ಲಿ ಹೇಳಿದ ಅದೇ ಎಣ್ಣೆ ಹಾಕಿಸಿ, ಬಿಲ್ಲು ತೆಗೆದಿಟ್ಟು. ಹಳೇ ಎಣ್ಣೆಯನ್ನು ಟ್ರೇಯಲ್ಲಿ ಬಿಸಿಲಿಗೆ ಹಿಡಿದರೆ ಬಂಗಾರದ ಬಣ್ಣದ ನುಣುಪು ಹೊಳಪು ತೇಲುತ್ತಿತ್ತು, ರಿಂಗಿನದ್ದು. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟು ಹತ್ತಿತ್ತು. ಬೆರಳಿನಿಂದ ಉಜ್ಜಿದರೆ ಚುಚ್ಚಬಾರದು, ಚುಚ್ಚಲಿಲ್ಲ. ಚೂರು ಸಿಕ್ಕಿದ್ದರೆ ವಾರಂಟಿಯಲ್ಲಿ ಬಾಕ್ಸ್ ಬಿಚ್ಚಿಸುತ್ತಿದ್ದೆ. ಎಲ್ಲಿಯಾದರೂ "ಜಿಎಲ್-5 ಹಾಕುವ, ಇನ್ನೂ ಒಳ್ಳೆಯದು" ಎಂದರೆ ಪುಸ್ತಕ ತೋರಿಸಿ. ಇವು ಗೇರ್ ಎಣ್ಣೆಯ ದರ್ಜೆಗಳು, ಜಿಎಲ್-4 ಎಂದು ಬರೆದಿದ್ದರೆ ಅದೇ ಆಗಬೇಕು. ಜಿಎಲ್-5ರಲ್ಲಿ ಗಂಧಕ–ರಂಜಕದ ಅಂಶ ಹೆಚ್ಚು. ಕೆಲವು ಎಣ್ಣೆಗಳಲ್ಲಿ ಅದು ಹಿತ್ತಾಳೆಯನ್ನು ತಿನ್ನಬಹುದು, ಜಾರು ಹೆಚ್ಚಾಗಿ ರಿಂಗು ಹಿಡಿಯದೆಯೂ ಹೋಗಬಹುದು.

ಕರ್ ಎಂದು ಹಲ್ಲು ತಿಕ್ಕುವ ಸದ್ದು, ಓಡುವಾಗ ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುವುದು, ನಂತೂರಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬಿಸಿಯಾದ ಮೇಲೆ ಒಂದನೇ ಗೇರು ಬೀಳದೇ ಹೋಗುವುದು, ಇವು ಹೊಸತನದ ಬಿಗಿ ಅಲ್ಲ. ಕೊನೆಯದಕ್ಕೆ ಕ್ಲಚ್ ಫ್ಲೂಯಿಡ್ (ಪೆಡಲ್‌ನ ಒತ್ತಡವನ್ನು ಕ್ಲಚ್‌ಗೆ ಒಯ್ಯುವ ದ್ರವ) ನೋಡಿಸಿ. ಅದು ಗಾಳಿಯ ತೇವ ಹೀರುತ್ತದೆ, ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಸ್ನೇಹಿತನೊಬ್ಬನ ಕಾರಿನಲ್ಲಿ ಕಪ್ಪಾಗಿದ್ದ ಫ್ಲೂಯಿಡ್ ತೆಗೆದು ಹೊಸ ಡಾಟ್ 4 ದರ್ಜೆಯದ್ದು ಹಾಕಿ ಪೈಪಿನೊಳಗಿನ ಏರ್ ತೆಗೆದದ್ದೇ ಸಾಕಾಯಿತು.

ಶಾರ್ಟ್ ಶಿಫ್ಟರ್ (ಲಿವರ್ ಓಡುವ ದೂರ ಕಡಿಮೆ ಮಾಡುವ ಭಾಗ) ಹಾಕಿಸು ಎಂದು ಹಲವರು ಹೇಳಿದರು, ಹಾಕಿಸಲಿಲ್ಲ. ಲಿವರಿನ ದೂರ ಕಡಿಮೆಯಾದಷ್ಟು ಕೈಯ ಬಲ ಹೆಚ್ಚು ಬೇಕು, ತಡೆಯೂ ಹೆಚ್ಚು ಗೊತ್ತಾಗುತ್ತದೆ. ಅದರ ಬದಲು ತೂಕದ ಗೇರ್ ನಾಬ್ ಹಾಕಿದೆ. ಆ ಭಾರದ ಓಟಕ್ಕೇ ಲಿವರ್ ತಡೆ ದಾಟುತ್ತದೆ. ಬರೀ ಸ್ಟೀಲಿನದ್ದು ಬೇಡ, ಚರ್ಮ ಹೊದಿಸಿದ್ದು ತೆಗೆದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಪಣಂಬೂರು ಬೀಚಿನಲ್ಲಿ ನಿಲ್ಲಿಸಿ ಬಂದರೆ ಸ್ಟೀಲ್ ನಾಬ್ ಮುಟ್ಟಲಿಕ್ಕಾಗುವುದಿಲ್ಲ.